ನಾಲ್ಕನೆಯ ಸಾಲಿನ ಗೆರೆಗಳು

"ಅವನು ಯಾವಾಗಲೂ ಹಾಗೆಯೇ" ಎಂದು ನಾನು ಶಿಕ್ಷಕರ ಕೊಠಡಿಯಲ್ಲಿ ಗೊಣಗಿದಾಗ, ನನಗಿಂತ ಹದಿನೈದು ವರ್ಷ ಹೆಚ್ಚು ಪಾಠ ಮಾಡಿದ್ದ ಸಹೋದ್ಯೋಗಿಯೊಬ್ಬರು ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆಯೆತ್ತದೆಯೇ ಕೇಳಿದರು: "ಯಾವಾಗಲೂ ಎಂದರೆ ದಿನಕ್ಕೆ ಎಷ್ಟು ಸಲ?"

ನನಗೆ ರೇಗಿತು. ದೂರು ಹೇಳಿಕೊಳ್ಳುವವನಿಗೆ ಬೇಕಾಗಿರುವುದು ಹೂಂಗುಟ್ಟುವ ಕಿವಿ, ಲೆಕ್ಕ ಕೇಳುವ ಬಾಯಿಯಲ್ಲ. "ಇಪ್ಪತ್ತು ಸಲವಾದರೂ" ಎಂದೆ. "ಎಣಿಸಿದ್ದೀರಾ?" ಎಂದರು. ಎಣಿಸಿರಲಿಲ್ಲ. ಅವರು ಮತ್ತೇನೂ ಹೇಳದೆ ಮುಂದಿನ ಉತ್ತರಪತ್ರಿಕೆ ತೆಗೆದುಕೊಂಡರು. ಅಲ್ಲಿಗೆ ಮಾತು ಮುಗಿಯಿತು, ಆದರೆ ಆ ಪ್ರಶ್ನೆ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಸಂಜೆಯವರೆಗೂ ಉಳಿಯಿತು.

ಹುಡುಗ ಏಳನೆಯ ತರಗತಿ. ನಾಲ್ಕನೆಯ ಸಾಲು, ಕಿಟಕಿಯ ಕಡೆ. ಪಾಠದ ನಡುವೆ ಎದ್ದು ಓಡಾಡುತ್ತಾನೆ, ಪಕ್ಕದವನ ಪೆನ್ಸಿಲ್ ಕಸಿಯುತ್ತಾನೆ, ಗಂಟಲಲ್ಲಿ ಏನೋ ಸದ್ದು ಮಾಡಿ ಇಡೀ ಸಾಲನ್ನು ನಗಿಸುತ್ತಾನೆ. ಮಧ್ಯಾಹ್ನದ ಬಿಡುವಿನ ನಂತರ ಇದೆಲ್ಲ ಮಿತಿಮೀರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಖಚಿತ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಯಾರಾದರೂ ಪ್ರಮಾಣ ಮಾಡಿ ಹೇಳು ಎಂದಿದ್ದರೆ ಹೇಳುತ್ತಿದ್ದೆ.

ಮರುದಿನ ಎಡ ಜೇಬಿನಲ್ಲಿ ಮೂವತ್ತು ಪೇಪರ್ ಕ್ಲಿಪ್ ಹಾಕಿಕೊಂಡು ತರಗತಿಗೆ ಹೋದೆ. ಅವನು ಗಲಾಟೆ ಮಾಡಿದಾಗಲೆಲ್ಲ ಒಂದು ಕ್ಲಿಪ್ ಬಲ ಜೇಬಿಗೆ. ಪಾಠ ಮಾಡುತ್ತಲೇ ಎಣಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಪುಸ್ತಕ, ಪೆನ್ನು ಯಾವುದೂ ಬೇಡ, ಮಕ್ಕಳಿಗೂ ಗೊತ್ತಾಗುವುದಿಲ್ಲ. ಮೊದಲ ದಿನ ಬಲ ಜೇಬಿಗೆ ಬಂದದ್ದು 11. ಇಪ್ಪತ್ತಲ್ಲದಿದ್ದರೂ ಕಡಿಮೆಯೇನಲ್ಲ ಎಂದು ಒಳಗೊಳಗೇ ಸಂತೋಷಪಟ್ಟೆ. ನಿಜ ಹೇಳಬೇಕೆಂದರೆ ಆ ದಿನ ನಾನು ಎಣಿಸುತ್ತಿದ್ದದ್ದು ಗೆಲ್ಲುವುದಕ್ಕೆ.

ಆ ಗೆಲುವು ಎರಡು ದಿನ ಬಾಳಿತು. ಮೂರನೆಯ ದಿನ ಅದೇ ಸಹೋದ್ಯೋಗಿ ತಮ್ಮ ಬಿಡುವಿನ ಪೀರಿಯಡ್‌ನಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತರು. ಗಂಟೆ ಹೊಡೆದ ಮೇಲೆ ಇಬ್ಬರೂ ಲೆಕ್ಕ ತೆಗೆದೆವು. ನನ್ನದು 9, ಅವರದು 4. ಒಂದೇ ಹುಡುಗ, ಒಂದೇ ನಲವತ್ತು ನಿಮಿಷ. ಯಾವುದನ್ನು ಬಿಟ್ಟಿರಿ ಎಂದು ನಾನು ಕೇಳಿದೆ. ಯಾವುದನ್ನು ಸೇರಿಸಿದಿರಿ ಎಂದು ಅವರು ಕೇಳಿದರು. ಒಂದೊಂದಾಗಿ ಹೇಳುತ್ತಾ ಹೋದೆ. ಆರನೆಯದಕ್ಕೆ ಬಂದಾಗ ನನಗೇ ನಾಚಿಕೆಯಾಯಿತು. ಅವನು ನನ್ನತ್ತ ತಿರುಗಿ "ಒಂದು ಥರಾ" ನೋಡಿದ್ದನ್ನು ನಾನು ಗಲಾಟೆಯ ಲೆಕ್ಕಕ್ಕೆ ಸೇರಿಸಿದ್ದೆ.

ವರ್ತನೆಯನ್ನು ಎಣಿಸಿ ಅಳೆಯುವ ಈ ವಿದ್ಯೆಯ ಮೊದಲ ಪಾಠವನ್ನು ನಾನು ಕಲಿತದ್ದು ಹೀಗೆ. ಎಣಿಸುವ ಮೊದಲು ಏನನ್ನು ಎಣಿಸುತ್ತೇವೆ ಎಂದು ಬರೆದಿಡಬೇಕು, ಮತ್ತು ಅಪರಿಚಿತನೊಬ್ಬ ಆ ವಾಕ್ಯ ಓದಿಕೊಂಡು ಬಂದು ಕುಳಿತರೂ ನಮ್ಮಷ್ಟೇ ಸಂಖ್ಯೆ ಅವನಿಗೂ ಬರಬೇಕು. "ಗಲಾಟೆ" ಎಂಬುದು ಎಣಿಸಲಾಗದ ಪದ. "ಅವಿಧೇಯತೆ", "ಉದ್ಧಟತನ", "ಆಸಕ್ತಿಯಿಲ್ಲ" ಇವೂ ಅಷ್ಟೇ. ನಾವು ಕೊನೆಗೆ ಒಪ್ಪಿಕೊಂಡ ವಾಕ್ಯ ಬಹಳ ನೀರಸವಾಗಿತ್ತು: "ಅನುಮತಿಯಿಲ್ಲದೆ ಬೆಂಚು ಬಿಟ್ಟು ಏಳುವುದು, ಅಥವಾ ಬೇರೆಯವರ ವಸ್ತುವನ್ನು ಮುಟ್ಟುವುದು." ಕಣ್ಣೋಟಕ್ಕೆ ಅಲ್ಲಿ ಜಾಗವಿರಲಿಲ್ಲ. ಇಬ್ಬರು ವೀಕ್ಷಕರ ಲೆಕ್ಕ ಶೇಕಡಾ 80ರಷ್ಟಾದರೂ ಹೊಂದಬೇಕು ಎಂಬುದು ವರ್ತನೆಯನ್ನು ಅಳೆಯುವವರಲ್ಲಿ ರೂಢಿಯಲ್ಲಿರುವ ಅಳತೆ. ನಮ್ಮದು ಮೊದಲ ಸಲ 44 ಇತ್ತು. ಹೊಸ ವಾಕ್ಯದ ನಂತರ ಮುಂದಿನ ಸಲ 7ಕ್ಕೆ 6 ಬಂತು.

ಎಲ್ಲವನ್ನೂ ಹೀಗೆ ಬಿಡಿಬಿಡಿಯಾಗಿ ಎಣಿಸಲು ಆಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಎದ್ದು ನಿಲ್ಲುವುದಕ್ಕೆ ಆರಂಭ, ಅಂತ್ಯ ಇವೆ. ಪಕ್ಕದವನ ಜೊತೆ ಹರಟುವುದಕ್ಕೆ ಇಲ್ಲ. ಅದಕ್ಕೆ ಬೇರೆ ದಾರಿ: ಎರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡುವುದು, ಆ ಕ್ಷಣದಲ್ಲಿ ನಡೆಯುತ್ತಿದ್ದರೆ ಗುರುತು, ಇಲ್ಲದಿದ್ದರೆ ಇಲ್ಲ. ಇಂಥ ಪುಟ್ಟ ಪುಟ್ಟ ಮಾದರಿಗಳಿಂದ ಮಕ್ಕಳ ವರ್ತನೆಯನ್ನು ಅಳೆಯುವ ಬಗ್ಗೆ ಫ್ಲಾರೆನ್ಸ್ ಗುಡ್‌ಇನಫ್ ಎಂಬ ಮನೋವಿಜ್ಞಾನಿ 1928ರಲ್ಲೇ ಬರೆದಿದ್ದಾರೆ. ಇದರಲ್ಲೊಂದು ಮೋಸದ ದಾರಿಯೂ ಇದೆ. "ಈ ಎರಡು ನಿಮಿಷದಲ್ಲಿ ಒಮ್ಮೆಯಾದರೂ ಮಾತಾಡಿದನೇ?" ಎಂದು ಕೇಳಿಕೊಂಡು ಗುರುತು ಹಾಕಿದರೆ ಮೂರು ಸೆಕೆಂಡಿನ ಪಿಸುಮಾತೂ ಎರಡು ನಿಮಿಷದ ಹರಟೆಯಾಗಿ ದಾಖಲಾಗುತ್ತದೆ. ಮಗು ಇರುವುದಕ್ಕಿಂತ ಹೆಚ್ಚು ತುಂಟನಾಗಿ ಕಾಣುತ್ತದೆ, ಹಾಳೆ ಮಾತ್ರ ಬಹಳ ವೈಜ್ಞಾನಿಕವಾಗಿ ಕಾಣುತ್ತದೆ.

ಮುಂದಿನದು ಚೌಕಗಳ ಹಾಳೆ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಪೀರಿಯಡ್‌ಗಳು. ಘಟನೆ ನಡೆದ ಚೌಕದಲ್ಲಿ ಗೆರೆ. ಟುಶೆಟ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ವಿಧಾನ ಇದು. ಇದರ ಹಿಂದಿನ ಯೋಚನೆ ಎಷ್ಟು ಸರಳವೆಂದರೆ, ಇದಕ್ಕೊಂದು ಪ್ರಬಂಧ ಬೇಕಿತ್ತೇ ಎಂದು ಮೊದಲು ಅನ್ನಿಸಿತ್ತು. ಒಟ್ಟು ಮೊತ್ತ ನೋಡಬೇಡ, ಅದು ಎಲ್ಲಿ ಗುಂಪುಗಟ್ಟುತ್ತದೆ ನೋಡು, ಅಷ್ಟೇ. ಅವನಿಗೆ ಪಾಠ ಮಾಡುವ ಉಳಿದ ಮೂವರು ಶಿಕ್ಷಕರೂ ಕ್ಲಿಪ್ ಇಟ್ಟುಕೊಳ್ಳಲು ಒಪ್ಪಿದರು. ಒಬ್ಬರು ನಗುತ್ತಾ, ಒಬ್ಬರು ಬೇಸರದಿಂದ, ಇನ್ನೊಬ್ಬರು "ನನ್ನ ಪೀರಿಯಡ್‌ನಲ್ಲಿ ಅವನು ಏನೂ ಮಾಡುವುದಿಲ್ಲವಲ್ಲ" ಎಂಬ ಸಣ್ಣ ಹೆಮ್ಮೆಯಿಂದ.

ಹತ್ತು ದಿನ, ದಿನಕ್ಕೆ ಏಳು ಪೀರಿಯಡ್, ಎಪ್ಪತ್ತು ಚೌಕ. ಒಟ್ಟು ಗೆರೆಗಳು 38, ಅಂದರೆ ದಿನಕ್ಕೆ ನಾಲ್ಕೂ ಇಲ್ಲ. ನನ್ನ ಇಪ್ಪತ್ತು ಎಲ್ಲಿ ಹೋಯಿತೋ! ಆದರೆ ನನ್ನ ಕಣ್ಣು ನಿಂತದ್ದು ಅಲ್ಲಲ್ಲ. 38ರಲ್ಲಿ 27 ಗೆರೆಗಳು ನಾಲ್ಕೇ ನಾಲ್ಕು ಚೌಕಗಳಲ್ಲಿ ಕಿಕ್ಕಿರಿದಿದ್ದವು. ಮಧ್ಯಾಹ್ನದ ಸಾಲುಗಳು ಬಹುತೇಕ ಖಾಲಿ. ಆ ನಾಲ್ಕೂ ಚೌಕಗಳು ಬೆಳಗಿನ ಎರಡನೆಯ ಪೀರಿಯಡ್, ನಾನು ತೆಗೆದುಕೊಳ್ಳುವ ಭಾಷಾ ಪಾಠ. ಅದೂ ಎಲ್ಲ ದಿನವಲ್ಲ. ಭಾಷಾ ಪಾಠ ಹತ್ತೂ ದಿನ ಇತ್ತು. ಆರು ದಿನ ಅವನು ಎಲ್ಲರಂತೆಯೇ ಕುಳಿತಿದ್ದ.

ನಾಲ್ಕು ದಿನ ಏನು ಮಾಡಿದ್ದೆ ಎಂದು ಪಾಠಯೋಜನೆಯ ಪುಸ್ತಕ ತೆಗೆದು ನೋಡಿದೆ. ನಾಲ್ಕೂ ದಿನ ಗಟ್ಟಿಯಾಗಿ ಓದಿಸಿದ್ದೆ.

ಇಲ್ಲಿಂದ ಮುಂದೆ ಕ್ಲಿಪ್ ಸಾಲದು. ಅದಕ್ಕೆ ಮೂರು ಅಂಕಣದ ಹಾಳೆ ಬೇಕು: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಸಿಡ್ನಿ ಬಿಜೂ ಮತ್ತು ಜೊತೆಗಾರರು 1968ರಲ್ಲಿ ವಿವರಿಸಿದ ಈ ಮೂರು ಅಂಕಣ ಇಂದಿಗೂ ಶಾಲೆಗಳಲ್ಲಿ ಹಾಗೆಯೇ ಬಳಕೆಯಲ್ಲಿದೆ. ಮುಂದಿನ ಓದಿನ ದಿನ ನಾನು ಮಾಡಿದ್ದು ಇಷ್ಟೇ: ಓದಿಸುತ್ತಾ ಅವನನ್ನು ಗಮನಿಸಿದೆ.

ಬಾಗಿಲ ಕಡೆಯ ಮೊದಲ ಬೆಂಚಿನಿಂದ ಓದು ಶುರು. ಒಬ್ಬರಿಗೆ ಒಂದು ಪ್ಯಾರಾ. ಮೊದಲ ಸಾಲು ಓದುವಾಗ ಅವನು ಪುಸ್ತಕದ ಮೇಲೆ ಬೆರಳಿಟ್ಟು ಏನನ್ನೋ ಎಣಿಸುತ್ತಿದ್ದ. ತಲೆಗಳನ್ನು ಎಣಿಸುವುದು, ಪ್ಯಾರಾಗಳನ್ನು ಎಣಿಸುವುದು, ಮತ್ತೆ ತಲೆಗಳು. ತನ್ನ ಪಾಲಿಗೆ ಯಾವುದು ಬರುತ್ತದೆ ಎಂದು ಕಂಡುಹಿಡಿಯುತ್ತಿದ್ದ. ಎರಡನೆಯ ಸಾಲು ಓದಲು ಶುರುವಾದಾಗ ಬೆರಳು ಆ ಪ್ಯಾರಾದ ಮೇಲೆ ನಿಂತಿತ್ತು, ತುಟಿ ಅಲ್ಲಾಡುತ್ತಿತ್ತು. ಮೂರನೆಯ ಸಾಲಿನ ಎರಡನೆಯ ಹುಡುಗಿ ಎದ್ದಾಗ ಅವನು ಪುಸ್ತಕ ಮುಚ್ಚಿದ. ಪಕ್ಕದವನ ಪೆನ್ಸಿಲ್ ಬಾಕ್ಸ್ ಕೆಳಗೆ ಬಿತ್ತು. ಎತ್ತಿಕೊಡಲು ಎದ್ದ. ಎತ್ತಿಕೊಡಲಿಲ್ಲ, ಒದ್ದ. "ಸರ್, ನೀರು ಕುಡಿದು ಬರಲೇ?" ಎಂದ. ಬೇಡ ಎಂದೆ. ಗಂಟಲ ಸದ್ದು. ಮೂರನೆಯ ಸಾಲಿನ ಕೊನೆಯ ಹುಡುಗ ಓದಿ ಕುಳಿತುಕೊಳ್ಳುವ ಹೊತ್ತಿಗೆ ನಾನು ಪ್ರತಿಸಲದಂತೆ "ಹೊರಗೆ ನಡೆ" ಎಂದಿದ್ದೆ. ಬಾಯಿಯಿಂದ ಮಾತು ಹೊರಟ ಮೇಲೆ ನೆನಪಾಯಿತು, ಇವತ್ತು ನಾನು ಬರೀ ನೋಡಬೇಕಿತ್ತು.

ಅವನು ಹೊರಗೆ ಹೋಗುವಾಗ ಅವನ ಹೆಗಲು ಸಡಿಲವಾದದ್ದನ್ನು ಆ ದಿನ ಮೊದಲ ಸಲ ಕಂಡೆ. ಅಷ್ಟೂ ದಿನ ಅದನ್ನು ಕೊಬ್ಬು ಎಂದುಕೊಂಡಿದ್ದೆ.

ಎರಡು ವಾರ ಬರೆದ ಮೂರನೆಯ ಅಂಕಣ ಓದಿದರೆ ನಗು ಬರುತ್ತದೆ. ಐದು ಓದಿನ ದಿನಗಳು. ನಾಲ್ಕು ದಿನ "ಹೊರಗೆ ಕಳುಹಿಸಿದೆ." ಐದನೆಯ ದಿನ "ಗಂಟೆ ಹೊಡೆಯಿತು." ಶಿಕ್ಷೆ ಎಂದು ನಾನು ಕೊಡುತ್ತಿದ್ದದ್ದು ಅವನು ಕೇಳುತ್ತಿದ್ದ ವಸ್ತುವೇ ಆಗಿತ್ತು. ಬ್ರಯಾನ್ ಇವಾಟ ಮತ್ತು ಸಂಗಡಿಗರು 1982ರಲ್ಲಿ, ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ ಬೆಳವಣಿಗೆಯ ತೊಂದರೆಯಿದ್ದ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ಹೊರಗಿನಿಂದ ಒಂದೇ ಥರ ಕಾಣುವ ವರ್ತನೆ ಒಂದು ಮಗುವಿಗೆ ಯಾರದೋ ಗಮನ ತಂದುಕೊಡುತ್ತದೆ, ಇನ್ನೊಂದಕ್ಕೆ ಕಷ್ಟದ ಕೆಲಸದಿಂದ ಬಿಡುಗಡೆ ಕೊಡುತ್ತದೆ, ಮತ್ತೊಂದಕ್ಕೆ ಆ ವರ್ತನೆಯ ಅನುಭವವೇ ಸಾಕು. ಬೇಕಾದ ವಸ್ತು ಗಿಟ್ಟಿಸಿಕೊಳ್ಳುವುದನ್ನೂ ಸೇರಿಸಿ ಇಂದು ನಾಲ್ಕು ಕಾರಣ ಎಂದು ಹೇಳುವ ರೂಢಿಯಿದೆ. ಔಷಧಿ ಕಾರಣಕ್ಕೆ ತಕ್ಕಂತೆ ಇರಬೇಕು. ಗಮನ ಬೇಕಾದವನನ್ನು ಹೊರಗೆ ಕಳುಹಿಸಿದರೆ ಬಹುಶಃ ಕೆಲಸ ಮಾಡೀತು. ತಪ್ಪಿಸಿಕೊಳ್ಳಬೇಕಾದವನನ್ನು ಹೊರಗೆ ಕಳುಹಿಸುವುದೆಂದರೆ ಕಳ್ಳನಿಗೆ ಬಾಗಿಲು ತೆರೆದುಕೊಟ್ಟು ಬೆನ್ನು ತಟ್ಟಿದ ಹಾಗೆ.

ಇನ್ನೊಂದು ಸಂಗತಿ ಆ ಅಂಕಣದಲ್ಲಿ ಇರಲಿಲ್ಲ, ನಾನೇ ಸೇರಿಸಬೇಕಾಯಿತು. ಅವನು ಹೊರಗೆ ಹೋದ ಮೇಲೆ ತರಗತಿ ಇಪ್ಪತ್ತು ನಿಮಿಷ ತಣ್ಣಗಿರುತ್ತಿತ್ತು. ಅಂದರೆ ಅವನನ್ನು ಕಳುಹಿಸಿದ್ದಕ್ಕೆ ನನಗೂ ಬಹುಮಾನ ಸಿಗುತ್ತಿತ್ತು. ಅವನು ನನಗೆ ತರಬೇತಿ ಕೊಡುತ್ತಿದ್ದ, ನಾನು ಅವನಿಗೆ. ಇಬ್ಬರೂ ಒಳ್ಳೆಯ ವಿದ್ಯಾರ್ಥಿಗಳು.

1968ರಲ್ಲೇ ಪ್ರಕಟವಾದ ಇನ್ನೊಂದು ಪ್ರಯೋಗವಿದೆ, ಮ್ಯಾಡ್ಸನ್, ಬೆಕರ್ ಮೊದಲಾದವರದು. ಅಮೆರಿಕದ ಒಂದನೆಯ ತರಗತಿಯೊಂದರಲ್ಲಿ ಶಿಕ್ಷಕಿಯರು "ಕುಳಿತುಕೋ" ಎಂದು ಹೇಳುವುದನ್ನು ಬೇಕೆಂದೇ ಹೆಚ್ಚಿಸಿದರು. ಹೇಳಿದ ಮರುಕ್ಷಣ ಮಕ್ಕಳು ಕುಳಿತುಕೊಳ್ಳುತ್ತಿದ್ದರು. ಆದರೆ ಒಟ್ಟಾರೆ ಎದ್ದು ನಿಲ್ಲುವವರ ಸಂಖ್ಯೆ ಏರಿತು! ಆಜ್ಞೆ ಕಡಿಮೆ ಮಾಡಿ, ಕುಳಿತು ಕೆಲಸ ಮಾಡುತ್ತಿದ್ದವರನ್ನು ಹೊಗಳಿದಾಗ ಇಳಿಯಿತು. ನನಗೆ ಈ ಪ್ರಯೋಗ ಬಹಳ ಇಷ್ಟ. ಹೇಳಿದ ತಕ್ಷಣ ಕುಳಿತರು ಎಂಬುದನ್ನು ಶಿಕ್ಷಕಿಯ ಕಣ್ಣು ಕಾಣುತ್ತದೆ, ಆದ್ದರಿಂದ "ಕುಳಿತುಕೋ" ಎಂಬುದು ಫಲಿಸುತ್ತದೆ ಎಂದೇ ಅವರು ನಂಬುತ್ತಾರೆ. ಆ ನಂಬಿಕೆ ಸುಳ್ಳು ಎಂದು ಕಾಣಬೇಕಾದರೆ ಹಿಂದೆ ಕುಳಿತು ಯಾರಾದರೂ ಎಣಿಸಬೇಕು. ಎಷ್ಟು ಅನುಭವವಿದ್ದರೂ ಇದು ಒಳಗಿನಿಂದ ಗೊತ್ತಾಗುವುದಿಲ್ಲ. ಅನುಭವವೇ ಇದನ್ನು ಮುಚ್ಚಿಡುತ್ತದೆ.

ಇದೆಲ್ಲ ಇಲಿ, ಪಾರಿವಾಳಗಳ ಮೇಲೆ ಮನೋವಿಜ್ಞಾನಿ ಸ್ಕಿನ್ನರ್ ನಡೆಸಿದ ಪ್ರಯೋಗದಿಂದ ಬಂದ ವಿದ್ಯೆ, ಮನುಷ್ಯರ ಮಕ್ಕಳಿಗೆ ಹಚ್ಚುವುದು ತಪ್ಪು ಎನ್ನುವವರಿದ್ದಾರೆ. ನನಗೂ ಆ ಅಳುಕು ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಎಣಿಸದೆ ಇದ್ದಾಗ ನಾನೇನು ಅವನನ್ನು ಪೂರ್ಣ ಮನುಷ್ಯನೆಂದು ನೋಡುತ್ತಿದ್ದೆನೇ? "ಯಾವಾಗಲೂ ಹಾಗೆಯೇ" ಎಂದು ನೋಡುತ್ತಿದ್ದೆ. ಪಾರಿವಾಳದ ಬಗ್ಗೆ ಯಾರೂ ಅಷ್ಟು ಕೆಟ್ಟ ಮಾತು ಆಡಿರಲಾರರು.

ಮಾಡಿದ್ದು ದೊಡ್ಡದೇನಲ್ಲ. ಸಾಲಿನ ಪ್ರಕಾರ ಓದಿಸುವುದನ್ನು ಬಿಟ್ಟೆ. ಹಿಂದಿನ ದಿನ ಅವನಿಗೆ ನಾಳೆಯ ಪಾಠದಲ್ಲಿ ಒಂದು ಪ್ಯಾರಾ ಆರಿಸಿಕೊಳ್ಳಲು ಹೇಳುತ್ತಿದ್ದೆ, ಎಷ್ಟು ಚಿಕ್ಕದಾದರೂ ಸರಿ. ಮರುದಿನ ಅವನೇ ಮೊದಲು ಓದುವುದು. ಓದಿಬಿಟ್ಟರೆ ಉಳಿದ ಪೀರಿಯಡ್ ಅವನ ತಲೆಯ ಮೇಲೆ ಕತ್ತಿ ತೂಗುವುದಿಲ್ಲ. ಜೊತೆಗೆ ಒಂದು ಸಲ ಕಾರಣ ಕೇಳದೆ ಹೊರಗೆ ಹೋಗಿ ಬರುವ ಹಕ್ಕು, ಗದ್ದಲ ಮಾಡದೆಯೇ. ಗೆರೆಗಳು ಮುಂದುವರಿದವು. ಓದಿನ ದಿನಗಳ ಲೆಕ್ಕ ಮೊದಲು 7, 6, 8, 6 ಇದ್ದದ್ದು 5, 2, 3, 0, 1 ಆಯಿತು.

ಇಲ್ಲಿ ಕುಣಿದಾಡುವ ಮೊದಲು ಸ್ವಲ್ಪ ತಡೆಯಬೇಕು. ಯಾವ ವಾರ ತೀರಾ ಕೆಟ್ಟದಾಗಿರುತ್ತದೋ ಆ ವಾರವೇ ನಾವು "ಏನಾದರೂ ಮಾಡಬೇಕು" ಎಂದು ಹೊರಡುವುದು. ತೀರಾ ಕೆಟ್ಟ ವಾರದ ನಂತರ ಏನೂ ಮಾಡದಿದ್ದರೂ ಸಾಮಾನ್ಯವಾಗಿ ಅಷ್ಟು ಕೆಟ್ಟದಲ್ಲದ ವಾರ ಬರುತ್ತದೆ. ಆ ಇಳಿತದ ಕೀರ್ತಿ ನಾವು ಮಾಡಿದ್ದಕ್ಕೆ ಹೋಗುತ್ತದೆ, ಬೈದಿದ್ದರೆ ಬೈಗುಳಕ್ಕೆ ಹೋಗುತ್ತದೆ. ಶಾಲೆಗಳಲ್ಲಿ ನಿಷ್ಪ್ರಯೋಜಕ ಉಪಾಯಗಳು ತಲೆಮಾರುಗಟ್ಟಲೆ ಬದುಕುಳಿಯಲು ಇದೂ ಒಂದು ಕಾರಣ ಎಂದು ನನ್ನ ಗುಮಾನಿ. ಆದ್ದರಿಂದಲೇ ಮೊದಲು ಏನೂ ಬದಲಿಸದೆ ಕೆಲವು ದಿನ ಎಣಿಸು, ಆಮೇಲೆ ಬದಲಿಸು, ಸಾಧ್ಯವಾದರೆ ಬದಲಾವಣೆಯನ್ನು ಒಮ್ಮೆ ಹಿಂತೆಗೆದುಕೊಂಡು ನೋಡು ಎನ್ನುತ್ತಾರೆ. ಹಿಂತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ, ಮನಸ್ಸೂ ಇರಲಿಲ್ಲ. ಆದರೆ ಜ್ವರ ಬಂತು. ಐದು ದಿನ ರಜೆ ಹಾಕಿದೆ. ಬದಲಿಗೆ ಬಂದವರಿಗೆ ಈ ಏರ್ಪಾಡು ಹೇಳಲು ಮರೆತೆ. ವಾಪಸ್ಸು ಬಂದ ದಿನ ಅವರು ಹೇಳಿದ ಮೊದಲ ಮಾತು: "ಸರ್, ಆ ಕಿಟಕಿಯ ಕಡೆ ಕೂರುವವನನ್ನು ಎರಡು ಸಲ ಹೊರಗೆ ಕಳುಹಿಸಬೇಕಾಯಿತು. ಯಾವಾಗಲೂ ಹಾಗೆಯೇನಾ?" ಅವರು ಸಾಲಿನ ಪ್ರಕಾರ ಓದಿಸಿದ್ದರು. ನನ್ನ ಜ್ವರ ನಡೆಸಿದ ಪ್ರಯೋಗ ಅದು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ತಿಂಗಳ ಸಭೆಯಲ್ಲಿ ನನ್ನ ಹಾಳೆ ಎಲ್ಲರ ಕೈಯಲ್ಲೂ ಓಡಾಡಿತು, ಗೆರೆ ಕೆಳಗಿಳಿದಿತ್ತು, ಮುಖ್ಯೋಪಾಧ್ಯಾಯರು ಮೆಚ್ಚಿದರು. ಅದಾಗಿ ವಾರದ ನಂತರ, ಅವನು ತನ್ನ ಪ್ಯಾರಾವನ್ನು ನೀರು ಕುಡಿದಷ್ಟು ಸಲೀಸಾಗಿ ಓದಿ ಕುಳಿತ ಒಂದು ದಿನ, ಬಿಡುವಿನಲ್ಲಿ ಅವನ ಪಕ್ಕ ಕುಳಿತು ಅದೇ ಪ್ಯಾರಾದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟೆ. "ಇದೇನು?" ಎಂದೆ. ಅವನು ಪ್ಯಾರಾದ ಮೊದಲ ಪದದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದ, ತುಟಿ ಅಲ್ಲಾಡುವುದು ಕಾಣುತ್ತಿತ್ತು, ನನ್ನ ಬೆರಳಿನ ಹತ್ತಿರ ಬಂದಾಗ ನಿಂತು ಆ ಪದ ಹೇಳಿದ. ಸರಿಯಾಗಿಯೇ ಹೇಳಿದ. ಪಕ್ಕದ ಪ್ಯಾರಾದಲ್ಲಿ ಅದೇ ಪದ ಇತ್ತು. ಅಲ್ಲಿ ಬೆರಳಿಟ್ಟೆ. ಅವನು ಕಿಟಕಿಯ ಹೊರಗೆ ನೋಡಿದ.

ಅಕ್ಕನಿಂದ ಓದಿಸಿಕೊಂಡು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ. ಇಡೀ ಪ್ಯಾರಾ, ಪ್ರತಿಸಲ.

ನನ್ನ ಹಾಳೆಯ ಪ್ರಕಾರ ಅವನಿಗೆ ಯಾವ ತೊಂದರೆಯೂ ಉಳಿದಿರಲಿಲ್ಲ. ಬೆಂಚು ಬಿಟ್ಟು ಏಳುವುದನ್ನು ಎಣಿಸಿದ್ದೆ, ಅದು ನಿಂತಿತ್ತು. ಓದನ್ನು ಎಣಿಸಿರಲಿಲ್ಲ. ತರಗತಿಯಲ್ಲಿ ವರ್ತನೆ ತಿದ್ದುವವರೆಲ್ಲ ಮಕ್ಕಳನ್ನು ಅಲುಗಾಡದೆ, ಮಾತಾಡದೆ, ಹೇಳಿದಂತೆ ಕೇಳಿಕೊಂಡು ಇರುವಂತೆ ಮಾಡುವುದಕ್ಕೇ ತಮ್ಮ ವಿದ್ಯೆ ಖರ್ಚು ಮಾಡುತ್ತಿದ್ದಾರೆಯೇ ಎಂದು ವಿನೆಟ್ ಮತ್ತು ವಿಂಕ್ಲರ್ 1972ರಲ್ಲೇ ತಮ್ಮದೇ ಕ್ಷೇತ್ರದವರನ್ನು ಚುಚ್ಚಿ ಕೇಳಿದ್ದರು. ಅರ್ಧ ಶತಮಾನ ಕಳೆದರೂ ಆ ಚುಚ್ಚು ಮೊಂಡಾಗಿಲ್ಲ. ಗದ್ದಲ ನಿಂತ ದಿನವೇ ಎಲ್ಲರೂ ಫೈಲು ಮುಚ್ಚಿಬಿಡುತ್ತಾರೆ, ಏಕೆಂದರೆ ಫೈಲು ತೆರೆದದ್ದೇ ಗದ್ದಲಕ್ಕೆ. ಅವನ ಅದೃಷ್ಟ, ಓದು ಕಲಿಸುವುದರಲ್ಲಿ ಪಳಗಿದ್ದ ಒಬ್ಬರು ನಮ್ಮಲ್ಲಿದ್ದರು. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಅವರ ಬಳಿ ಕಳುಹಿಸಲು ಶುರುಮಾಡಿದೆವು. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದ. ಏಳನೆಯ ತರಗತಿಗೆ ಬರುವವರೆಗೂ ಇದು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡಿದ್ದನಲ್ಲ, ಆ ಜಾಣತನ ನೆನೆದರೆ ಈಗಲೂ ಬೆರಗಾಗುತ್ತದೆ.

ಹಾಳೆಗೆ ಕಾಣದವರ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಎಣಿಸುವ ಚಟ ಹತ್ತಿದ ಮೇಲೆ ಒಂದು ವಾರ ಬೇರೆ ಲೆಕ್ಕ ಇಟ್ಟೆ: ನಾನು ಯಾವ ಮಗುವಿನ ಹೆಸರು ಹಿಡಿದು ಎಷ್ಟು ಸಲ ಮಾತಾಡಿಸುತ್ತೇನೆ. ಆಸನಗಳ ನಕ್ಷೆ ಮೇಜಿನ ಮೇಲಿಟ್ಟು ಪ್ರತಿ ಸಲ ಚುಕ್ಕೆ ಹಾಕುವುದು. ಶುಕ್ರವಾರ ಸಂಜೆ ನೋಡಿದರೆ ನಾಲ್ಕನೆಯ ಸಾಲಿನ ಹುಡುಗನ ಚೌಕ ಸಿಡುಬು ಎದ್ದಂತೆ ಚುಕ್ಕೆಗಳಿಂದ ತುಂಬಿತ್ತು. ಎರಡನೆಯ ಸಾಲಿನ ಗೋಡೆಯ ಕಡೆ ಕೂರುವ ಹುಡುಗಿಯ ಚೌಕದಲ್ಲಿ ಇಡೀ ವಾರಕ್ಕೆ ಒಂದೇ ಚುಕ್ಕೆ. ಅದೂ ಯಾವಾಗ ಎಂದು ನೆನಪಾಯಿತು: ಪಕ್ಕದವಳಿಗೆ ಪುಸ್ತಕ ಕೊಡು ಎಂದು ಹೇಳಿದ್ದೆ. ಅವಳ ಹೆಸರಿನಲ್ಲಿ ಯಾವ ದೂರೂ ಇರಲಿಲ್ಲ, ಯಾವ ಗೆರೆಯೂ ಇರಲಿಲ್ಲ. ಹಾಜರಿ ಪುಸ್ತಕ ತಿರುವಿದರೆ ತಿಂಗಳಿಗೆ ಎರಡು, ಮೂರು ದಿನ ತಪ್ಪಿಸುತ್ತಿದ್ದಳು. ಶಾಲೆಯ ದಿನಗಳಲ್ಲಿ ಹತ್ತನೆಯ ಒಂದು ಭಾಗ ತಪ್ಪಿದರೆ ಅಪಾಯದ ಸೂಚನೆ ಎಂದು ಅನೇಕ ಕಡೆ ಪರಿಗಣಿಸುತ್ತಾರೆ. ಅವಳು ಆ ಗಡಿಯನ್ನು ಸದ್ದಿಲ್ಲದೆ ದಾಟಿದ್ದಳು. ವರ್ತನೆಯ ದಾಖಲೆ ಎಂದರೆ ನಮಗೆ ತೊಂದರೆ ಕೊಡುವವರ ದಾಖಲೆ ಎಂದು ನಾವು ಗೊತ್ತಿಲ್ಲದೆಯೇ ತೀರ್ಮಾನಿಸಿಬಿಟ್ಟಿರುತ್ತೇವೆ. ಬಾವಿಗೆ ಬಿದ್ದವರು ಕೂಗಿದರೆ ಮಾತ್ರ ಹಗ್ಗ ಎಂಬಂತೆ.

ಮುಂದಿನ ವರ್ಷ ಶಾಲೆಗೆ ಒಂದು ತಂತ್ರಾಂಶ ಬಂತು. ಹೆಸರು ಬೇಡ. ಪ್ರತಿ ಮಗುವಿನ ಹೆಸರಿನ ಮುಂದೆ ಪಟ್ಟಿಯಿಂದ ಒಂದು ತಪ್ಪು ಆರಿಸಿ ಒತ್ತುವುದು, ಕೆಂಪು, ಹಳದಿ, ಹಸಿರು ಬಣ್ಣ ತಾನಾಗಿ ಬರುವುದು. ಇಂಥ ದಾಖಲೆಯಿಂದ ಆಗುವ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಜಗಳಗಳೆಲ್ಲ ಒಂದೇ ಮೆಟ್ಟಿಲಿನ ಬಳಿ, ಒಂದೇ ಗಂಟೆಯ ನಂತರ ಆಗುತ್ತಿವೆ ಎಂದು ಅದು ತೋರಿಸಿತು. ಎರಡು ತರಗತಿಗಳನ್ನು ಎರಡು ನಿಮಿಷ ಅಂತರದಲ್ಲಿ ಬಿಟ್ಟೆವು, ಜಗಳ ಅರ್ಧಕ್ಕಿಳಿಯಿತು. ಯಾವ ಮಗುವನ್ನೂ ತಿದ್ದಬೇಕಾಗಲಿಲ್ಲ, ವೇಳಾಪಟ್ಟಿ ತಿದ್ದಿದರೆ ಸಾಕಾಯಿತು. ಎಲ್ಲಿ, ಯಾವಾಗ ಎಂದು ಕೇಳಿದಾಗ ಆ ಯಂತ್ರ ಒಳ್ಳೆಯ ಉತ್ತರ ಕೊಡುತ್ತಿತ್ತು.

ಯಾರು ಎಂದು ಕೇಳಿದಾಗ ಮಾತ್ರ ನನಗೆ ಹೆದರಿಕೆಯಾಗುತ್ತಿತ್ತು. ಆ ಪಟ್ಟಿಯಲ್ಲಿ "ಅಗೌರವ" ಎಂಬ ಗುಂಡಿ ಇತ್ತು. ನನ್ನ ಹಳೆಯ "ಒಂದು ಥರಾ ನೋಡಿದ" ಎಂಬುದಕ್ಕೆ ಯಂತ್ರದಲ್ಲೇ ಜಾಗ ಸಿಕ್ಕಿತ್ತು. ರಸೆಲ್ ಸ್ಕಿಬಾ ಮತ್ತು ಸಂಗಡಿಗರು ಅಮೆರಿಕದ ಒಂದು ನಗರದ ಮಾಧ್ಯಮಿಕ ಶಾಲೆಗಳ ಶಿಸ್ತಿನ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಾಣುತ್ತದೆ. ಬಿಳಿಯ ಮಕ್ಕಳ ಮೇಲೆ ಹೆಚ್ಚಾಗಿ ಬಂದ ದೂರುಗಳು ಧೂಮಪಾನ, ವಸ್ತು ಹಾಳುಮಾಡುವುದು, ಹೇಳದೆ ಹೊರಟುಹೋಗುವುದು ಇಂಥವು. ಕಪ್ಪು ಮಕ್ಕಳ ಮೇಲೆ ಹೆಚ್ಚಾಗಿ ಬಂದವು ಅಗೌರವ, ಅತಿಯಾದ ಸದ್ದು. ಮೊದಲಿನವನ್ನು ಕಣ್ಣು ನೋಡುತ್ತದೆ, ಎರಡನೆಯವನ್ನು ಮನಸ್ಸು ನೋಡುತ್ತದೆ. ಅಂಥ ಗುಂಡಿಯನ್ನು ಸಾವಿರ ಸಲ ಒತ್ತಿ ಕೂಡಿಸಿದರೂ ಬರುವುದು ಸಾವಿರ ಅಭಿಪ್ರಾಯ, ಸಂಖ್ಯೆಯ ವೇಷದಲ್ಲಿ.

ಅದಕ್ಕಿಂತ ಕೆಟ್ಟದ್ದು ಆ ಬಣ್ಣ ಮುಂದಿನ ತರಗತಿಗೂ ಹೋಗುವುದು. ಶಿಕ್ಷಕರಿಗೆ "ಈ ಮಕ್ಕಳು ಈ ವರ್ಷ ಅರಳುತ್ತಾರೆ" ಎಂದು ಹೇಳಿ, ನಿಜದಲ್ಲಿ ಆ ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಿದ್ದ ರೋಸೆಂತಾಲ್ ಮತ್ತು ಜೇಕಬ್‌ಸನ್ ಅವರ ಪ್ರಯೋಗ 1968ರಲ್ಲಿ ಪ್ರಕಟವಾಯಿತು. ಕೆಳಗಿನ ತರಗತಿಗಳಲ್ಲಿ ಆ ಮಕ್ಕಳ ಅಂಕ ಹೆಚ್ಚಿತ್ತು ಎಂದು ಅವರು ಬರೆದರು. ಆ ಪರಿಣಾಮ ಎಷ್ಟು ದೊಡ್ಡದು ಎಂಬ ಜಗಳ ಇನ್ನೂ ಮುಗಿದಿಲ್ಲ, ನಾನು ಅದರಲ್ಲಿ ಪಕ್ಷ ವಹಿಸುವುದಿಲ್ಲ. ನನ್ನ ಅನುಭವ ಸಣ್ಣದು: ಎಂಟನೆಯ ತರಗತಿಯ ಶಿಕ್ಷಕರು ಜೂನ್‌ಗೂ ಮೊದಲೇ ಪರದೆ ನೋಡಿ "ನಿಮ್ಮ ಕೆಂಪು ಹುಡುಗ ಯಾರು?" ಎಂದು ನನ್ನನ್ನು ಕೇಳಿದರು. ಅವನ ಮುಖ ಇನ್ನೂ ನೋಡಿರಲಿಲ್ಲ.

ನನ್ನ ಕಾಗದದ ಹಾಳೆಗಳಿಗೆ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಮೇಲ್ಗಡೆ ಒಂದು ಪ್ರಶ್ನೆ ಬರೆಯುತ್ತೇನೆ, ಪ್ರಶ್ನೆಗೆ ಉತ್ತರ ಸಿಕ್ಕ ದಿನ, ಅಥವಾ ವರ್ಷದ ಕೊನೆಯ ದಿನ, ಯಾವುದು ಮೊದಲೋ ಆ ದಿನ ಹರಿದುಹಾಕುತ್ತೇನೆ. ಪ್ರಶ್ನೆ ಬರೆಯಲು ಆಗದಿದ್ದರೆ ಎಣಿಸುವುದೇ ಇಲ್ಲ. ಸಹೋದ್ಯೋಗಿಗಳು ಇದನ್ನು ಅತಿ ಎನ್ನುತ್ತಾರೆ. ಇರಬಹುದು.

ಹಾಗೆ ಹರಿಯಲು ಕುಳಿತ ದಿನವೇ ನಾಲ್ಕನೆಯ ಸಾಲಿನ ಹುಡುಗ ಸಿಕ್ಕಿಬಿದ್ದ, ಅಥವಾ ನಾನು. ಅವನು ಏಳನೆಯಲ್ಲಿದ್ದ ಆ ವರ್ಷದ ಕೊನೆ, ಖಾಲಿ ತರಗತಿ, ಮೇಜಿನ ಮೇಲೆ ಚೌಕದ ಹಾಳೆಗಳು. ನೋಟ್‌ಬುಕ್ ಕೊಡಲು ಬಂದವನು ಅಲ್ಲೇ ನಿಂತ. ಮೇಲೆ ಹೆಸರಿರಲಿಲ್ಲ, ಆದರೆ ಅವನಿಗೆ ತಿಳಿಯಿತು. "ಸರ್, ಇದು ನನ್ನದಾ?" ಎಂದ. ಹೌದು ಎಂದೆ. ಏನು ಎಣಿಸಿದ್ದೇನೆ ಎಂದು ಹೇಳಿದೆ. ಅವನು ಬಹಳ ಹೊತ್ತು ನೋಡಿ ಒಂದು ಚೌಕದ ಮೇಲೆ ಬೆರಳಿಟ್ಟ. "ಈ ಬುಧವಾರ ಪೆನ್ಸಿಲ್ ಬಾಕ್ಸ್ ಬೀಳಿಸಿದ್ದು ನಾನಲ್ಲ. ಅವನೇ."

ಮಕ್ಕಳೇ ತಮ್ಮ ವರ್ತನೆಯನ್ನು ತಾವು ದಾಖಲಿಸಿಕೊಂಡರೆ ಅದೇ ಒಂದು ಚಿಕಿತ್ಸೆಯಂತೆ ಕೆಲಸ ಮಾಡಬಹುದು ಎಂದು ಬ್ರೋಡೆನ್ ಮತ್ತು ಸಂಗಡಿಗರು 1971ರಲ್ಲಿ ಎಂಟನೆಯ ತರಗತಿಯ ಇಬ್ಬರು ಮಕ್ಕಳ ಮೇಲೆ ಮಾಡಿದ ಅಧ್ಯಯನವನ್ನು ನಾನು ಅಷ್ಟು ಹೊತ್ತಿಗಾಗಲೇ ಓದಿದ್ದೆ. ಓದಿಯೂ ಅವನನ್ನು ಕೇಳಬೇಕು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಉಳಿದಿದ್ದ ಕೊನೆಯ ಐದು ದಿನಕ್ಕೆ ಒಂದು ಖಾಲಿ ಹಾಳೆ ಕೊಟ್ಟೆ. ನೀನೂ ಎಣಿಸು, ನಾನೂ ಎಣಿಸುತ್ತೇನೆ, ಶನಿವಾರ ಹೋಲಿಸೋಣ ಎಂದೆ.

ಶನಿವಾರ ಹಾಳೆ ತಂದ. ಬೆಂಚು ಬಿಟ್ಟು ಎದ್ದದ್ದು ನನ್ನ ಲೆಕ್ಕದಲ್ಲಿ 3, ಅವನ ಲೆಕ್ಕದಲ್ಲಿ 5. ಎರಡು ಸಲ ನಾನು ಬೋರ್ಡಿನ ಕಡೆ ತಿರುಗಿದ್ದಾಗ ಎದ್ದಿದ್ದನಂತೆ. ಅದರ ಕೆಳಗೆ, ನಾನು ಹೇಳದ ಒಂದು ಸಾಲನ್ನು ಸ್ಕೇಲ್ ಇಟ್ಟು ತಾನೇ ಎಳೆದುಕೊಂಡಿದ್ದ. ಪಕ್ಕದಲ್ಲಿ ಒತ್ತಿ ಒತ್ತಿ, ಒಂದು ಕಡೆ ಅಳಿಸಿ, ಬರೆದಿದ್ದ: "ಸರ್ ಗಡಿಯರ ನೋಡಿದ್ದು." ಐದು ದಿನಕ್ಕೆ 41.

ಯಾವುದನ್ನೆಲ್ಲ ಸೇರಿಸಿದೆ ಎಂದು ಕೇಳಿದೆ. "ಕತ್ತು ತಿರುಗಿಸಿ ಗೋಡೆ ನೋಡಿದರೆ ಒಂದು, ಕೈ ನೋಡಿಕೊಂಡರೆ ಒಂದು" ಎಂದ. ವಾಕ್ಯದಲ್ಲಿ ಹಿಡಿಯುವಂಥ ತಪ್ಪೇನೂ ಇರಲಿಲ್ಲ.